ಸಮುದ್ರ ನೋಡಲು ಹೋಗುವ ಮೊದಲು



ಪ್ರವಾಸ ಅಂದ ಕೂಡಲೆ ನಮ್ಮೆಲ್ಲರ ಬಾಯಾಗ ಬರುವುದು ಒಂದೇ ಮಾತು: “ಸಮುದ್ರ ನೋಡಬೇಕು.” ನಾವು ಕಂಡ ದೊಡ್ಡ ನೀರು ಅಂದರೆ ನಾರಾಯಣಪುರದ ಬಸವಸಾಗರ, ಮತ್ತು ಅಲ್ಲಿಂದ ಬರುವ ಕಾಲುವೆ. ಸಮುದ್ರ ಇವೆರಡರ ಹಾಂಗ ಅಲ್ಲ. ಆದ್ದರಿಂದ ಬಸ್ ಹತ್ತುವ ಮೊದಲೇ, ಶಾಲೆಯಲ್ಲೇ ಕುಳಿತು ಯೋಜನೆ ಮಾಡಬೇಕು. ಅದು ಹೇಗೆ ಎಂಬುದೇ ಈ ಪಾಠ.

1. ಯಾವಾಗ ಹೋಗಬೇಕು?

ನಮ್ಮ ಕರಾವಳಿ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಸುಮಾರು 300 ಕಿ.ಮೀ. ಉದ್ದ ಹಬ್ಬಿದೆ. ಅಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಹೆಚ್ಚು ಮಳೆ. ನಮ್ಮ ಕಡೆ ಬೀಳುವುದು ಹೆಚ್ಚು ಕಡಿಮೆ ಅದರ ಕಾಲು ಭಾಗ. ಜೂನ್, ಜುಲೈ ತಿಂಗಳಲ್ಲಿ ಯಂತ್ರದ ದೋಣಿಗಳು ಮೀನು ಹಿಡಿಯಲು ಹೋಗುವುದನ್ನೇ ಸರಕಾರ ನಿಷೇಧಿಸುತ್ತದೆ. ಆಗ ನಾವು ಹೋಗುವುದು ಬ್ಯಾಡ. ಡಿಸೆಂಬರ್, ಜನವರಿ ಒಳ್ಳೆಯದು. ಆದರೆ ಆ ಹೊತ್ತಿಗೆ ನಮ್ಮಲ್ಲಿ ಹತ್ತಿ ಬಿಡಿಸುವ ಕೆಲಸ ಇರತದ. ಮನೆಯಲ್ಲಿ ಅಪ್ಪ ಅವ್ವನ ಕೇಳಿಯೇ ದಿನ ಗೊತ್ತು ಮಾಡಬೇಕು.

2. ಎಲ್ಲಿಗೆ, ಎಷ್ಟು ದಿನ?

ಎಲ್ಲ ಊರು ಒಮ್ಮೆಗೆ ನೋಡತೀವಿ ಅಂದರೆ ಬಸ್ಸಿನ ಕಿಟಕಿ ಮಾತ್ರ ನೋಡಿ ಬರಬೇಕಾಗುತ್ತದೆ. ನಾಲ್ಕು ದಿನಕ್ಕೆ ಉತ್ತರ ಕನ್ನಡ ಸಾಕು.

ಮೊದಲನೆಯ ದಿನ: ತಾಳಿಕೋಟಿ, ಮುದ್ದೇಬಿಹಾಳ, ಬಾಗಲಕೋಟೆ ಮೇಲಿಂದ ಹುಬ್ಬಳ್ಳಿ. ರಾತ್ರಿ ಪ್ರಯಾಣ ಮಾಡದೆ ಅಲ್ಲೇ ವಸ್ತಿ.

ಎರಡನೆಯ ದಿನ: ಹುಬ್ಬಳ್ಳಿಯಿಂದ ಯಲ್ಲಾಪುರ ದಾಟಿ, ಅರಬೈಲ್ ಘಾಟ ಇಳಿದು ಅಂಕೋಲಾ, ಸುಮಾರು 130 ಕಿ.ಮೀ. 1930ರ ಉಪ್ಪಿನ ಸತ್ಯಾಗ್ರಹ ನಡೆದ ಊರಿದು. ಮುಂದೆ ಗೋಕರ್ಣ, ಅದರ ಹತ್ತಿರ ಸಾಣಿಕಟ್ಟೆಯ ಉಪ್ಪಿನ ಆಗರ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣ ಇರುತ್ತದೆ.

ಮೂರನೆಯ ದಿನ: ಮಿರ್ಜಾನ್ ಕೋಟೆ. ಅದರ ಕೆಂಪು ಜಂಬಿಟ್ಟಿಗೆ ಕಲ್ಲನ್ನು ನಮ್ಮ ಕಡೆಯ ಫರಸಿಗೆ ಹೋಲಿಸಿ ನೋಡಿ. ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುವ ಜಾಗ, ಎರಡು ಕಿ.ಮೀ. ಉದ್ದದ ರೈಲು ಸೇತುವೆ. ನಂತರ ಮುರುಡೇಶ್ವರ.

ನಾಲ್ಕನೆಯ ದಿನ: ಬೆಳಿಗ್ಗೆ ಬೇಗ ಹೊರಟು ಮರಳಿ ಊರಿಗೆ.

ಘಾಟದಲ್ಲಿ ಒಂದು ಮಾತು ನೆನಪಿಡಿ. ಗಂಗಾವಳಿ, ಅಘನಾಶಿನಿ, ಶರಾವತಿ ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತವೆ. ನಮ್ಮ ಕೃಷ್ಣೆ ಹುಟ್ಟುವ ಮಹಾಬಳೇಶ್ವರದಿಂದ ಅರಬ್ಬೀ ಸಮುದ್ರ ಸುಮಾರು 64 ಕಿ.ಮೀ. ಅಷ್ಟೆ. ಆದರೂ ಆಕೆ ಪೂರ್ವಕ್ಕೆ ತಿರುಗಿ, ನಮ್ಮ ಹೊಲಕ್ಕೆ ನೀರು ಕೊಟ್ಟು ಬಂಗಾಳ ಕೊಲ್ಲಿಗೆ ಹೋಗುತ್ತಾಳೆ.

3. ಖರ್ಚಿನ ಲೆಕ್ಕ

ಬಸ್ ಬಾಡಿಗೆ, ಊಟ, ವಸ್ತಿ, ಔಷಧಿ ಎಲ್ಲ ಕೂಡಿಸಿ ಹೋಗುವವರ ಸಂಖ್ಯೆಯಿಂದ ಭಾಗಿಸಬೇಕು. ಮಂದಿ ಕಡಿಮೆಯಾದರೂ ಬಸ್ ಬಾಡಿಗೆ ಕಡಿಮೆ ಆಗೋದಿಲ್ಲ, ಒಬ್ಬೊಬ್ಬರ ಪಾಲು ಏರುತ್ತದೆ. ಜೂನ್‌ನಿಂದಲೇ ತಿಂಗಳಿಗೆ ಸ್ವಲ್ಪ ಸ್ವಲ್ಪ ಕೂಡಿಟ್ಟರೆ ಭಾರ ಆಗೋದಿಲ್ಲ. ರೊಕ್ಕ ಇಲ್ಲ ಅಂತ ಯಾರೂ ಹಿಂದೆ ಉಳಿಯಬಾರದು.

4. ಎಲ್ಲಕ್ಕಿಂತ ಮುಖ್ಯ: ನೀರು

2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಅವರೂ ನಮ್ಮ ಹಾಂಗ ದೂರದ ಒಣ ಸೀಮೆಯಿಂದ ಸಮುದ್ರ ನೋಡಲು ಬಂದವರು.

“ನನಗ ಕಾಲುವ್ಯಾಗ ಈಜಾಕ ಬರತದ” ಅನ್ನುವವರು ಇದನ್ನು ಎರಡು ಸಲ ಓದಿ. ಕಾಲುವೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ಸಮುದ್ರದಲ್ಲಿ ಅಲೆಗಳು ದಂಡೆಗೆ ತಂದು ಹಾಕಿದ ನೀರು ಹಿಂದಕ್ಕೆ ಹೋಗಬೇಕಲ್ಲ? ಅದು ಕಿರಿದಾದ ಜಾಗದಿಂದ ಜೋರಾಗಿ ಒಳಕ್ಕೆ ಹರಿಯುತ್ತದೆ. ಇದೇ ಸೆಳೆತ. ಅಲ್ಲಿ ಅಲೆ ಕಡಿಮೆ ಒಡೆಯುವುದರಿಂದ ನೀರು ಶಾಂತ ಕಾಣುತ್ತದೆ. ಅದನ್ನು ನೋಡಿ ಮೋಸ ಹೋಗಬಾರದು.

ಜೊತೆಗೆ ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಮರುದಿನ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ನೀರು ಹೆಚ್ಚು ಏರುತ್ತದೆ.

ಆದ್ದರಿಂದ ಈ ನಿಯಮಗಳು:
• ಹತ್ತು ಮಂದಿಗೆ ಒಬ್ಬ ಗುರುಗಳು. ನೀರಿನ ಹತ್ತಿರ ಹೋಗುವಾಗ ಎಣಿಕೆ, ಬರುವಾಗ ಎಣಿಕೆ.
• ಜೀವರಕ್ಷಕರನ್ನು, ಊರಿನ ಮೀನುಗಾರರನ್ನು ಕೇಳದೆ ನೀರಿಗೆ ಕಾಲಿಡಬಾರದು. ಕೇಳಿದ ಮೇಲೂ ಹಿಮ್ಮಡಿ ಮುಳುಗುವಷ್ಟೇ ಸಾಕು.
• ಕೆಂಪು ಬಾವುಟ ಇದ್ದರೆ, ಇಲ್ಲವೆ ಸಂಜೆ ಕತ್ತಲಾದರೆ ನೀರಿಗೆ ಇಳಿಯುವುದೇ ಇಲ್ಲ.
• ಸೆಳೆತಕ್ಕೆ ಸಿಕ್ಕರೆ ದಂಡೆಯ ಕಡೆ ನೇರ ಈಜಿ ದಣಿಯಬಾರದು. ತೇಲುತ್ತಾ ಕೈ ಎತ್ತಿ ಕೂಗಬೇಕು. ಈಜು ಬಲ್ಲವರು ದಂಡೆಯ ಉದ್ದಕ್ಕೆ ಅಡ್ಡ ಈಜಿ ಸೆಳೆತದಿಂದ ಹೊರಬರಬೇಕು.
• ಒಬ್ಬರು ಮುಳುಗುತ್ತಿದ್ದರೆ ಇನ್ನೊಬ್ಬರು ಜಿಗಿಯಬಾರದು. ಹಗ್ಗ, ಖಾಲಿ ಕ್ಯಾನ್ ಎಸೆಯಬೇಕು, ಜೀವರಕ್ಷಕರನ್ನು ಕರೆಯಬೇಕು, 112ಕ್ಕೆ ಫೋನ್ ಮಾಡಬೇಕು.

ಸಮುದ್ರಕ್ಕೆ ಅಂಜಿ ಮನೆಯಲ್ಲಿ ಕೂಡಬೇಕು ಅಂತ ಅಲ್ಲ. ದಂಡೆಯ ಮೇಲೆ ಕುಳಿತು ಸೂರ್ಯ ಮುಳುಗುವುದನ್ನು ನೋಡೋಣ, ಚಿಪ್ಪು ಆರಿಸೋಣ. ಹೋದವರೆಲ್ಲ ಮರಳಿ ಬಂದರೇನೇ ಪ್ರವಾಸ.

ಯೋಚಿಸಿ ಉತ್ತರಿಸಿ:
1) ಇಂದು ಬೆಳಿಗ್ಗೆ 8 ಗಂಟೆಗೆ ಉಬ್ಬರ ಬಂದರೆ ನಾಡಿದ್ದು ಬೆಳಿಗ್ಗೆ ಸುಮಾರು ಎಷ್ಟು ಗಂಟೆಗೆ ಬರುತ್ತದೆ?
2) ಶಾಂತವಾಗಿ ಕಾಣುವ ನೀರು ಯಾಕೆ ಅಪಾಯಕಾರಿ?
3) ಕೃಷ್ಣೆ ಯಾವ ಸಮುದ್ರ ಸೇರುತ್ತಾಳೆ?