ಗೆದ್ದವನಿಗೊಂದು ನ್ಯಾಯವೇ?



ಅಮೆರಿಕದ ಒಹಾಯೋ ರಾಜ್ಯದ ಸ್ಟೂಬೆನ್‌ವಿಲ್ ಸುಮಾರು 18,000 ಜನರಿರುವ ಪಟ್ಟಣ. ಅಲ್ಲಿನ ಹೈಸ್ಕೂಲ್ ಫುಟ್‌ಬಾಲ್ ತಂಡವೆಂದರೆ ಇಡೀ ಊರಿಗೆ ಹೆಮ್ಮೆ. 2012ರ ಆಗಸ್ಟ್‌ನಲ್ಲಿ, ಎಚ್ಚರವಿಲ್ಲದ ಸ್ಥಿತಿಯಲ್ಲಿದ್ದ 16 ವರ್ಷದ ಹುಡುಗಿಯ ಮೇಲೆ ಆ ತಂಡದ ಇಬ್ಬರು ಅತ್ಯಾಚಾರ ಎಸಗಿದರು. ಫೋಟೊಗಳು ಫೋನಿನಿಂದ ಫೋನಿಗೆ ಹರಿದವು. ಊರಿನಲ್ಲಿ ಕೆಲವರು ಹುಡುಗಿಯನ್ನೇ ದೂರಿದರು. ವಿಚಾರಣೆಗೆ ಹೊರಗಿನಿಂದ ನ್ಯಾಯಾಧೀಶರನ್ನು ಕರೆಸಬೇಕಾಯಿತು. 2013ರ ಮಾರ್ಚ್‌ನಲ್ಲಿ ಇಬ್ಬರೂ ತಪ್ಪಿತಸ್ಥರೆಂದು ತೀರ್ಪು ಬಂತು.

ಗೆಲುವು ತರುವ ಹುಡುಗನ ಚಿಕ್ಕ ತಪ್ಪುಗಳನ್ನು ಊರು ನಕ್ಕು ಬಿಟ್ಟರೆ, ಕಾನೂನು ಇರುವುದು ಬೇರೆಯವರಿಗೆ ಎಂದು ಅವನು ಕಲಿಯುತ್ತಾನೆ. ಅದು ಅವನಿಗೂ ಕೇಡು. ನೊಂದವಳಂತೂ ಊರಿನೆದುರು ಒಂಟಿಯಾಗುತ್ತಾಳೆ. ಸಿರಿವಂತನಿಗೆ ಒಳ್ಳೆಯ ಆಸನ ಕೊಟ್ಟು ಬಡವನನ್ನು ದೂರ ನಿಲ್ಲಿಸುವ ಪಕ್ಷಪಾತವನ್ನು ಸಂತ ಯಕೋಬರು ತಮ್ಮ ಪತ್ರದ 2ನೇ ಅಧ್ಯಾಯದಲ್ಲಿ ಖಂಡಿಸುತ್ತಾರೆ. ಊರಿನ ಹೀರೋನ ವಿಷಯದಲ್ಲೂ ಆ ಮಾತು ಸಲ್ಲುತ್ತದೆ.

ಚರ್ಚೆಗೆ:
1. ನಮ್ಮ ಮೆಚ್ಚಿನ ಆಟಗಾರನ ಮೇಲೆ ದೂರು ಬಂದರೆ ನಾವು ಮೊದಲು ಯಾರ ಮಾತು ಕೇಳುತ್ತೇವೆ?
2. ಅವನನ್ನು ಕೈಬಿಡದೆ, ಅವನ ತಪ್ಪನ್ನೂ ಮುಚ್ಚಿಡದೆ ನಿಲ್ಲುವುದು ಹೇಗೆ?
3. ನೊಂದವರ ಮನೆಗೆ ನಮ್ಮಲ್ಲಿ ಯಾರು ಹೋಗುತ್ತೇವೆ?