ಮುಡಿಯ ವಿಚಾರ: ಉಳಿಸುವುದೋ, ಸಿಂಗರಿಸುವುದೋ, ಕೊಡುವುದೋ?



ದೇಹಶಾಸ್ತ್ರದ ಪಾಠದಲ್ಲಿ ನಾವು ಹೃದಯಕ್ಕೆ, ಶ್ವಾಸಕೋಶಕ್ಕೆ, ಎಲುಬುಗಳಿಗೆ ಒಂದೊಂದು ಅಧ್ಯಾಯವನ್ನು ಮೀಸಲಿಡುತ್ತೇವೆ; ತಲೆಗೂದಲಿಗಾದರೋ ನಾಲ್ಕು ಸಾಲುಗಳೂ ದೊರೆಯುವುದಿಲ್ಲ. ಆದರೂ ಪ್ರತಿದಿನ ಮುಂಜಾನೆ ನಿಮ್ಮಲ್ಲಿ ಹೆಚ್ಚಿನವರ ಅರ್ಧ ಗಳಿಗೆಯು ಅದಕ್ಕೇ ಸಲ್ಲುತ್ತದೆ. ಅದನ್ನು ಕುರಿತು ನಿಮಗೆ ಬುದ್ಧಿ ಹೇಳುವವರೂ ಅನೇಕರು. ನೀಳವಾಗಿ ಬೆಳೆಸೆಂದು ಅಜ್ಜಿಯು ಹೇಳುವಳು. ಕತ್ತರಿಸಿದರೆ ಹಗುರವೆಂದು ಗೆಳತಿಯು ಹೇಳುವಳು. ಈಚಿನ ವರ್ಷಗಳಲ್ಲಿ ಮೂರನೆಯದೊಂದು ಮಾತೂ ಕೇಳಿಬರುತ್ತಿದೆ: ಕ್ಯಾನ್ಸರ್ ರೋಗದ ಚಿಕಿತ್ಸೆಯಿಂದ ಕೂದಲನ್ನು ಕಳೆದುಕೊಂಡವರಿಗಾಗಿ ಜಡೆಯನ್ನು ದಾನಮಾಡಬೇಕೆಂಬುದು. ಈ ಮೂರರಲ್ಲಿ ಯಾವುದು ಸರಿ? ಈ ಪ್ರಶ್ನೆಗೆ ಉತ್ತರವನ್ನು ಕೊಡುವುದಕ್ಕೆ ಮುಂಚೆ ವಿಷಯವನ್ನು ಕ್ರಮವಾಗಿ ತಿಳಿಯೋಣ. ತಿಳಿಯದೆ ಮಾಡಿದ ನಿರ್ಣಯವು ಬಹುಕಾಲ ನಿಲ್ಲುವುದಿಲ್ಲ.

1. ಕೂದಲೆಂದರೇನು?

ಮನುಷ್ಯರ ತಲೆಯ ಚರ್ಮದಲ್ಲಿ ಸುಮಾರು 1 ಲಕ್ಷ ಸಣ್ಣ ಕುಳಿಗಳುಂಟು. ಒಂದೊಂದು ಕುಳಿಯ ತಳದಲ್ಲಿಯೂ ಜೀವಕಣಗಳು ಬಹು ಬೇಗನೆ ಹೆಚ್ಚುತ್ತಾ, ಮೇಲೆ ಮೇಲೆ ತಳ್ಳಲ್ಪಟ್ಟು, ಗಟ್ಟಿಯಾಗಿ ಎಳೆಯಾಗುತ್ತವೆ. ಈ ಎಳೆಯು ಕೆರಾಟಿನ್ ಎಂಬ ಸಸಾರಜನಕ ವಸ್ತುವಿನಿಂದಾದದ್ದು; ನಮ್ಮ ಉಗುರೂ ಅದರಿಂದಲೇ ಆಗಿದೆ. ಹೊರಗೆ ಕಾಣುವ ಭಾಗಕ್ಕೆ ಜೀವವಿಲ್ಲ. ಕತ್ತರಿಸಿದಾಗ ನೋವಾಗದಿರುವುದಕ್ಕೆ ಇದೇ ಕಾರಣ. ಬೆಳವಣಿಗೆಯು ಬುಡದಲ್ಲಿ ಆಗುವುದರಿಂದ, ತುದಿಯನ್ನು ಕತ್ತರಿಸಿದರೆ ಕೂದಲು ಬೇಗನೆ ಬೆಳೆಯುವುದೆಂಬ ಮಾತು ನಿಜವಲ್ಲ.

ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರು ಬೆಳೆಯುತ್ತದೆ. ಒಂದು ಎಳೆಯು 2ರಿಂದ 6 ವರ್ಷಗಳ ತನಕ ಬೆಳೆದು, ಕೆಲವು ತಿಂಗಳು ಸುಮ್ಮನಿದ್ದು, ಆಮೇಲೆ ಉದುರುತ್ತದೆ. ಬೆಳೆಯುವ ಅವಧಿಯು ಹುಟ್ಟಿನಿಂದಲೇ ಒಬ್ಬೊಬ್ಬರಿಗೆ ಒಂದೊಂದು ಬಗೆ. ಆದಕಾರಣ ಒಬ್ಬಳ ಜಡೆಯು ಮೊಣಕಾಲನ್ನು ಮುಟ್ಟಿದರೆ ಇನ್ನೊಬ್ಬಳದು ಹೆಗಲನ್ನು ದಾಟದು. ಇದರಲ್ಲಿ ಹೆಮ್ಮೆಪಡುವುದಕ್ಕೂ ನಾಚಿಕೆಪಡುವುದಕ್ಕೂ ಏನೂ ಇಲ್ಲ. ದಿನಕ್ಕೆ 50ರಿಂದ 100 ಎಳೆಗಳು ಉದುರುವುದು ಸಹಜವೇ.

ಇನ್ನೊಂದು ಸಂಗತಿಯನ್ನು ನೆನಪಿನಲ್ಲಿಡಿರಿ. ಎಳೆಯ ಮೇಲ್ಮೈಯು ನಯವಾದ ದಾರದಂತಲ್ಲ; ಮಂಗಳೂರು ಹಂಚು ಹೊದಿಸಿದ ಮಾಡಿನಂತೆ ಸಣ್ಣ ಬಿಲ್ಲೆಗಳು ಒಂದರ ಮೇಲೊಂದು, ಬುಡದಿಂದ ತುದಿಯ ಕಡೆಗೆ, ಹೊಂದಿಕೊಂಡಿರುತ್ತವೆ. ಈ ಸಂಗತಿಯು ಮುಂದೆ ಎರಡು ಕಡೆ ನಮಗೆ ಉಪಯೋಗಕ್ಕೆ ಬರುವುದು.

2. ಉಳಿಸಿಕೊಳ್ಳುವುದು

ನೀಳವಾದ ಕೂದಲನ್ನು ಇಟ್ಟುಕೊಳ್ಳುವವಳು ಅದರ ಶುಚಿತ್ವದ ಹೊಣೆಯನ್ನೂ ಹೊರತಕ್ಕದ್ದು. ಸೀಗೆಕಾಯಿ, ಅಂಟುವಾಳಕಾಯಿಗಳಲ್ಲಿ ನೊರೆ ಬರಿಸುವ ವಸ್ತುವಿರುವುದರಿಂದ ಅವು ಕೊಳೆಯನ್ನೂ ಜಿಡ್ಡನ್ನೂ ತೆಗೆಯುತ್ತವೆ. ತೆಂಗಿನೆಣ್ಣೆಯು ಹೊಸ ಕೂದಲನ್ನು ಹುಟ್ಟಿಸುವುದಿಲ್ಲ. ಆದರೆ ಎಳೆಯೊಳಗೆ ಸೇರಿ, ತೊಳೆಯುವಾಗ ಅದರ ಸತ್ತ್ವವು ನಷ್ಟವಾಗುವುದನ್ನು ತಗ್ಗಿಸುತ್ತದೆ. ಒದ್ದೆಯಾದ ಕೂದಲು ಸುಲಭವಾಗಿ ಹಿಗ್ಗಿ ತುಂಡಾಗುವುದರಿಂದ ಬಿಗಿಯಾಗಿ ಕಟ್ಟಬಾರದು. ಸಿಕ್ಕನ್ನು ಬಿಡಿಸುವಾಗ ಮೊದಲು ತುದಿಯನ್ನು ಬಾಚಿ, ಸ್ವಲ್ಪಸ್ವಲ್ಪವಾಗಿ ಮೇಲಕ್ಕೆ ಹೋಗಬೇಕು. ಆದರೆ ಹಣಿಗೆಯನ್ನು ಎಳೆಯುವುದು ಯಾವಾಗಲೂ ಬುಡದಿಂದ ತುದಿಯ ಕಡೆಗೇ. ಹಂಚಿನ ದೃಷ್ಟಾಂತವನ್ನು ನೆನೆದರೆ ಕಾರಣವು ಹೊಳೆಯುವುದು.

ಬಹು ಬಿಗಿಯಾದ ಜಡೆಯು ವರ್ಷಗಟ್ಟಲೆ ನೆತ್ತಿಯನ್ನು ಎಳೆದರೆ ಹಣೆಯ ಅಂಚಿನ ಕೂದಲು ಶಾಶ್ವತವಾಗಿ ಹೋಗಬಹುದು. ತಂಗಿಯ ಜಡೆಯನ್ನು ಹೆಣೆಯುವ ಅಕ್ಕಂದಿರು ಇದನ್ನು ಗಮನಿಸಬೇಕು. ಹೇನು ಬಂದರೆ ಹುಡುಗಿಯನ್ನು ಹೀಯಾಳಿಸತಕ್ಕದ್ದಲ್ಲ. ಅದು ಶುಚಿಯಾದ ತಲೆಗೂ ಬರುತ್ತದೆ, ತಲೆಗೆ ತಲೆ ತಾಗಿದರೆ ಸಾಕು. ಟೈಫಾಯಿಡ್, ಡೆಂಗಿ ಮುಂತಾದ ಜ್ವರಗಳು ಬಂದುಹೋದ ಎರಡು ಮೂರು ತಿಂಗಳ ಮೇಲೆ ಕೂದಲು ರಾಶಿರಾಶಿಯಾಗಿ ಉದುರುವುದುಂಟು. ಹೆದರಬೇಡಿರಿ, ಹೆಚ್ಚಾಗಿ ಅದು ತಿರುಗಿ ಬರುತ್ತದೆ. ಸೊಪ್ಪು, ಬೇಳೆ, ಕಾಳುಗಳಿಲ್ಲದ ಊಟದಿಂದ ರಕ್ತವು ಕಡಿಮೆಯಾದಾಗಲೂ ಕೂದಲು ಉದುರುವುದು. ಆಗ ಬೇಕಾದದ್ದು ಬೆಲೆಯುಳ್ಳ ತೈಲವಲ್ಲ, ಹೊಟ್ಟೆಗೆ ತಕ್ಕ ಆಹಾರವೂ ವೈದ್ಯರ ಸಲಹೆಯೂ.

3. ಸಿಂಗರಿಸುವುದು

ಅಪೊಸ್ತಲನಾದ ಪೇತ್ರನು ಸ್ತ್ರೀಯರಿಗೆ ಬರೆಯುವಾಗ, ಜಡೆ ಹೆಣೆಯುವುದೇ ಮೊದಲಾದ ಹೊರಗಣ ಅಲಂಕಾರಕ್ಕಿಂತ ಒಳಗಣ ಶಾಂತ ಮನಸ್ಸನ್ನೇ ಹೆಚ್ಚೆಂದು ಎಣಿಸಿದನು. ಹೂ ಮುಡಿಯುವುದು ಪಾಪವೆಂದು ಕೆಲವರು ಇದರಿಂದ ತೀರ್ಮಾನಿಸುತ್ತಾರೆ. ಅಲಂಕಾರವೇ ಬಾಳಿನ ಮುಖ್ಯ ಕೆಲಸವಾಗಬಾರದೆಂಬುದು ಅದರ ಅಭಿಪ್ರಾಯವೆಂದು ನಾನು ತಿಳಿಯುತ್ತೇನೆ.

ನಮ್ಮ ನಾಡಿನ ಮುಡಿಯ ಸಿಂಗಾರವು ಎಷ್ಟು ಮನೆಗಳ ಒಲೆಯನ್ನು ಉರಿಸುತ್ತದೆಂಬುದನ್ನೂ ನೋಡಬೇಕು. ಉಡುಪಿಯ ಸಮೀಪದ ಶಂಕರಪುರದಲ್ಲಿ ಅನೇಕ ಕುಟುಂಬಗಳು ಹಿತ್ತಲಿನ ಮಲ್ಲಿಗೆಯಿಂದ ಬದುಕುತ್ತವೆ. ಹೊತ್ತೇರುವ ಮೊದಲೇ ಮೊಗ್ಗನ್ನು ಕೊಯ್ದು ಬಾಳೆನಾರಿನಲ್ಲಿ ಕಟ್ಟುತ್ತಾರೆ. 800 ಹೂಗಳಿಗೆ ಒಂದು ಚೆಂಡು, 4 ಚೆಂಡುಗಳಿಗೆ ಒಂದು ಅಟ್ಟೆ. ಎಂದರೆ ಒಂದು ಅಟ್ಟೆಯಲ್ಲಿ 3200 ಸಾರಿ ಯಾವಳೋ ಒಬ್ಬಳ ಬೆರಳು ಆಡಿದೆ. ರಾಗಟೆ, ಜಡೆಬಿಲ್ಲೆ, ಕುಚ್ಚು ಇವುಗಳಲ್ಲಿಯೂ ಕುಶಲಕರ್ಮಿಗಳ ಜೀವನವಿದೆ. ಆದುದರಿಂದ ಹಬ್ಬದ ದಿನ ಹೂ ಮುಡಿಯುವವಳನ್ನು ಬರಿಯ ಬೆಡಗುಗಾತಿಯೆಂದು ಜರೆಯಬೇಡಿರಿ. ಆದರೆ ಸಾಲಮಾಡಿ ಮಾಡುವ ಅಲಂಕಾರವು ಅಲಂಕಾರವಲ್ಲ. ಹೂವಿಲ್ಲದ ಗೆಳತಿಯನ್ನು ಕೀಳಾಗಿ ಕಾಣುವ ಅಲಂಕಾರವು ಅದಕ್ಕಿಂತಲೂ ಕೆಟ್ಟದ್ದು.

4. ಕೊಡುವುದು

ಕ್ಯಾನ್ಸರಿಗೆ ಕೊಡುವ ಕೆಲವು ಔಷಧಗಳು ದೇಹದಲ್ಲಿ ಬೇಗನೆ ಹೆಚ್ಚುವ ಕಣಗಳನ್ನು ಹುಡುಕಿ ಕೊಲ್ಲುತ್ತವೆ. ಕೂದಲಿನ ಬುಡದ ಕಣಗಳೂ ಬೇಗನೆ ಹೆಚ್ಚುವಂಥವೆಂದು ಮೇಲೆ ಓದಿದಿರಷ್ಟೆ. ಔಷಧಕ್ಕೆ ವೈರಿ ಯಾರು, ನೆರೆಯವನು ಯಾರೆಂಬ ಭೇದವು ತಿಳಿಯದ ಕಾರಣ ಕೂದಲೂ ಹೋಗುತ್ತದೆ. ಚಿಕಿತ್ಸೆಯು ಮುಗಿದ ಮೇಲೆ ಸಾಮಾನ್ಯವಾಗಿ ಪುನಃ ಬೆಳೆಯುತ್ತದೆ. ಆದರೆ ಆ ತಿಂಗಳುಗಳಲ್ಲಿ ಕನ್ನಡಿಯ ಮುಂದೆ ನಿಲ್ಲುವುದೇ ಕೆಲವರಿಗೆ ಕಠಿಣವಾಗುತ್ತದೆ. ಇಂಥವರಿಗೆ ವಿಗ್ ಒದಗಿಸುವ ಸಂಸ್ಥೆಗಳು ಹಲವು ದೇಶಗಳಲ್ಲಿವೆ. ಅಮೆರಿಕದಲ್ಲಿ 1997ರಲ್ಲಿ ‘ಲಾಕ್ಸ್ ಆಫ್ ಲವ್’ ಎಂಬುದೂ, ಇಂಗ್ಲೆಂಡಿನಲ್ಲಿ 2006ರಲ್ಲಿ ‘ಲಿಟಲ್ ಪ್ರಿನ್ಸೆಸ್ ಟ್ರಸ್ಟ್’ ಎಂಬುದೂ ಮಕ್ಕಳಿಗೋಸ್ಕರ ಪ್ರಾರಂಭವಾದವು. ಭಾರತದಲ್ಲಿಯೂ ಈ ಕೆಲಸವು ನಡೆಯುತ್ತಿದೆ.

ಕೊಡಲು ಮನಸ್ಸುಳ್ಳವಳು ಈ ನಿಯಮಗಳನ್ನು ತಿಳಿದಿರಲಿ. ಕೂದಲನ್ನು ತೊಳೆದು ಪೂರ್ತಿ ಒಣಗಿಸಬೇಕು. ಒದ್ದೆಯಾಗಿ ಕಟ್ಟಿಟ್ಟರೆ ಬೂಸಲು ಹಿಡಿಯುವುದು. ಜಡೆಯ ಎರಡು ತುದಿಗಳನ್ನೂ ಕಟ್ಟಿ, ಮೇಲಿನ ಕಟ್ಟಿನ ಮೇಲ್ಗಡೆ ಕತ್ತರಿಸಬೇಕು. ನೆಲಕ್ಕೆ ಬಿದ್ದ ಕೂದಲು ಇದಕ್ಕೆ ಬಾರದು. ಬುಡ ತುದಿಗಳು ಬೆರೆತರೆ ಹಂಚುಗಳು ತಲೆಕೆಳಗಾದಂತಾಗಿ ಎಳೆಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಎಷ್ಟು ಉದ್ದ ಬೇಕು, ಬಣ್ಣ ಹಚ್ಚಿದ ಕೂದಲು ಆಗುವುದೋ ಎಂಬುದನ್ನು ಸಂಸ್ಥೆಯವರನ್ನು ಮುಂಚೆಯೇ ಕೇಳಬೇಕು. 30 ಸೆಂಟಿಮೀಟರಿನ ಜಡೆಯನ್ನು ತಿರುಗಿ ಬೆಳೆಸುವುದಕ್ಕೆ ಸುಮಾರು ಎರಡೂವರೆ ವರ್ಷ ಬೇಕು. ಎಂಟನೆಯ ತರಗತಿಯಲ್ಲಿ ಕೊಟ್ಟವಳು ಹತ್ತನೆಯದನ್ನು ಮುಗಿಸುವ ಹೊತ್ತಿಗೆ ಅಷ್ಟನ್ನು ಮರಳಿ ಪಡೆಯುವಳು.

ಇನ್ನೆರಡು ಮಾತುಗಳು. ಮೊದಲನೆಯದಾಗಿ, ಒಂದು ವಿಗ್ಗಿಗೆ ಒಬ್ಬಳ ಜಡೆಯು ಸಾಲದು, ಹಲವರದು ಕೂಡಬೇಕು. ಅದಲ್ಲದೆ ಎಳೆಎಳೆಯಾಗಿ ಗಂಟುಹಾಕುವ ಕೈಕೆಲಸಕ್ಕೆ ಹಣವು ಬೇಕು. ಆದುದರಿಂದ ಕೂದಲನ್ನು ಕೊಡಲಾರದವಳು 10 ರೂಪಾಯಿ ಕೊಟ್ಟರೂ ಅದೇ ಕೆಲಸಕ್ಕೆ ಕೈಕೂಡಿಸಿದಂತೆ. ಸೆಕೆಯ ಊರುಗಳಲ್ಲಿ ವಿಗ್ ಬೇಡವೆಂದು ಹತ್ತಿಬಟ್ಟೆಯ ತಲೆವಸ್ತ್ರವನ್ನೇ ಮೆಚ್ಚುವ ರೋಗಿಗಳೂ ಇದ್ದಾರೆ. ಕೊಡುವವಳ ಸಂತೋಷಕ್ಕಿಂತ ಪಡೆಯುವವಳ ಅಗತ್ಯವು ಮುಖ್ಯ. ಎರಡನೆಯದಾಗಿ, ಕೂದಲಿಗೆ ಪೇಟೆಯಲ್ಲಿ ಬೆಲೆಯುಂಟು. ತಿರುಮಲೆಯಲ್ಲಿ ಭಕ್ತರು ಹರಕೆಯಾಗಿ ಒಪ್ಪಿಸಿದ ಮುಡಿಯನ್ನು ಉದ್ದಕ್ಕನುಸಾರವಾಗಿ ವಿಂಗಡಿಸಿ ಹರಾಜುಮಾಡುತ್ತಾರೆ. ನಮ್ಮ ಕೊಪ್ಪಳದ ಬಳಿಯ ಭಾಗ್ಯನಗರದಲ್ಲಿ, ಮನೆಮನೆಗಳ ಹಣಿಗೆಯಿಂದ ಉದುರಿದ ಕೂದಲನ್ನು ಹೆಂಗಸರು ಕೂತು ಬಿಡಿಸಿ ವ್ಯಾಪಾರಕ್ಕೆ ಸಿದ್ಧಪಡಿಸುತ್ತಾರೆ. ಅದು ಪ್ರಾಮಾಣಿಕವಾದ ದುಡಿಮೆ. ಆದರೆ ದಾನವೆಂದು ಕೊಟ್ಟದ್ದು ದಾನವಾಗಿಯೇ ಸಲ್ಲುವುದೋ ಎಂದು ವಿಚಾರಿಸುವ ಹಕ್ಕು ಕೊಡುವವಳಿಗಿದೆ.

5. ಕಿತ್ತುಕೊಂಡದ್ದು ದಾನವಲ್ಲ

ಈ ದೇಶದ ಸ್ತ್ರೀಯರ ಮುಡಿಗೆ ಒಂದು ದುಃಖದ ಚರಿತ್ರೆಯೂ ಇದೆ. ಮೇಲ್ಜಾತಿಗಳ ಅನೇಕ ಮನೆಗಳಲ್ಲಿ ಗಂಡನು ಸತ್ತ ಕೂಡಲೇ ಹೆಂಡತಿಯ ತಲೆಯನ್ನು ಬೋಳಿಸುತ್ತಿದ್ದರು. ಹತ್ತು ಹನ್ನೆರಡು ವಯಸ್ಸಿನ ಬಾಲವಿಧವೆಯರಿಗೂ ಇದು ತಪ್ಪುತ್ತಿರಲಿಲ್ಲ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರು 1887ರಲ್ಲಿ ಪ್ರಕಟವಾದ ತಮ್ಮ ಆಂಗ್ಲ ಗ್ರಂಥದಲ್ಲಿ ಈ ಕ್ರೌರ್ಯವನ್ನು ಲೋಕಕ್ಕೆ ತಿಳಿಯಪಡಿಸಿ, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. 1890ರಲ್ಲಿ ಅದೇ ನಗರದ ಕ್ಷೌರಿಕರು ಸಭೆಸೇರಿ, ವಿಧವೆಯರ ತಲೆಯನ್ನು ಇನ್ನು ಬೋಳಿಸೆವೆಂದು ನಿಶ್ಚಯಿಸಿದರು. ಕತ್ತಿ ಹಿಡಿದ ಕೈಯೇ ಆಗದೆಂದಿತು! ಸದನದಲ್ಲಿ ಓದಿದ ಗೋದೂಬಾಯಿ ಎಂಬ ವಿಧವೆಯನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿವಾಹವಾದರು.

ಈ ಚರಿತ್ರೆಯು ನಮಗೆ ಕಲಿಸುವ ಪಾಠವೇನು? ಕತ್ತರಿಯು ಒಂದೇ, ಕೂದಲೂ ಒಂದೇ; ಮನಸ್ಸಿದ್ದು ಕೊಟ್ಟರೆ ಅದು ಕೊಡುಗೆ, ಮನಸ್ಸಿಲ್ಲದೆ ತೆಗೆದರೆ ಅದು ಅಪಹಾರ. ಬಲಾತ್ಕಾರವು ಹಿರಿಯರಿಂದ ಮಾತ್ರ ಬರುವುದೆಂದು ತಿಳಿಯಬೇಡಿರಿ. ಒಳ್ಳೆಯ ಕೆಲಸದ ಹೆಸರಿನಲ್ಲಿ ಗೆಳತಿಯರಿಂದಲೂ ಬರಬಹುದು.

ಕಳೆದ ವರ್ಷ ಒಬ್ಬ ವೈದ್ಯೆಯವರ ಉಪನ್ಯಾಸವನ್ನು ಕೇಳಿದ ಮರುದಿನ, ಒಂದು ತರಗತಿಯವರು ಕೂದಲನ್ನು ಕೊಡುವ 19 ಮಂದಿಯ ಪಟ್ಟಿಯನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಅದರಲ್ಲಿ ಕೊನೆಯ ನಾಲ್ಕು ಹೆಸರುಗಳು ಒಂದೇ ಕೈಯ ಬರಹವಾಗಿದ್ದವು. ನಾನು ಪಟ್ಟಿಯನ್ನು ಹಿಂದಕ್ಕೆ ಕೊಟ್ಟು, ಒಂದು ತಿಂಗಳು ಯೋಚಿಸಿ, ಮನೆಯಲ್ಲಿ ಮಾತಾಡಿ, ಬೇಕಾದವರು ಒಬ್ಬೊಬ್ಬರಾಗಿ ಬರಬೇಕೆಂದೆನು. ತಾಯಂದಿರ ಪತ್ರದೊಡನೆ 7 ಮಂದಿ ಬಂದರು. ಬಾರದವರನ್ನು ಯಾರೂ ಕಾರಣ ಕೇಳಬಾರದೆಂದು ತರಗತಿಗೆ ಅಪ್ಪಣೆಯಾಗಿತ್ತು. ಆದರೂ ಒಬ್ಬಳು ತಾನಾಗಿ ಬಂದು, “ನನ್ನ ಅಜ್ಜಿಗೆ ಕಣ್ಣು ಕಾಣಿಸುವುದಿಲ್ಲ, ಟೀಚರ್. ಭಾನುವಾರ ನನ್ನ ಜಡೆ ಹೆಣೆಯುವುದೊಂದೇ ಈಗ ಅವರಿಂದ ಆಗುವ ಕೆಲಸ. ನಾನು ಸ್ವಾರ್ಥಿಯೇ?” ಎಂದು ಕೇಳಿದಳು. ಮುದುಕಿಯ ಕೈಗೆ ವಾರಕ್ಕೊಮ್ಮೆ ಕೆಲಸವನ್ನೂ ಸಂತೋಷವನ್ನೂ ಕೊಡುವವಳು ಕೊಡದವಳಲ್ಲವೆಂದು ಅವಳಿಗೆ ಹೇಳಿದೆನು.

ಕೊಟ್ಟ ಏಳು ಮಂದಿಯಲ್ಲಿ ಒಬ್ಬಳನ್ನು ಮದುವೆಯ ಮನೆಯೊಂದರಲ್ಲಿ ನೆಂಟರು ಅಪಶಕುನವನ್ನು ಕಂಡವರಂತೆ ನೋಡಿ, “ಏನಾಯಿತು?” ಎಂದರಂತೆ. ಅವಳು, “ಏನೂ ಆಗಲಿಲ್ಲ, ಬೇಕಾದವರಿಗೆ ಕೊಟ್ಟೆ” ಎಂದಳಂತೆ. ಮುಡಿಯಿಲ್ಲದ ತಲೆಯನ್ನು ಅಶುಭವೆಂದೆಣಿಸಿದ ನಾಡಿನಲ್ಲಿ ಈ ಉತ್ತರವು ಸಣ್ಣದಲ್ಲ.

6. ನಿರ್ಣಯ

ಆದಕಾರಣ ಮಕ್ಕಳೇ, ಉಳಿಸುವುದು, ಸಿಂಗರಿಸುವುದು, ಕೊಡುವುದು ಈ ಮೂರೂ ಒಳ್ಳೆಯವೇ; ಮೂರೂ ಕೆಟ್ಟವಾಗಲೂಬಲ್ಲವು. ಕೂದಲು ಯಾರ ತಲೆಯ ಮೇಲಿದೆಯೋ ಅವಳು ತಿಳಿದು, ತಾಯಿತಂದೆಗಳೊಡನೆ ಆಲೋಚಿಸಿ, ತಾನೇ ಒಪ್ಪಿದ್ದಾದರೆ ಅದು ಸರಿ. ಅನುಮಾನವಿದ್ದರೆ ಕಾಯಿರಿ, ಕಾಯುವುದರಿಂದ ಜಡೆಯು ತಿಂಗಳಿಗೆ ಒಂದು ಸೆಂಟಿಮೀಟರು ಉದ್ದವಾಗುವುದೇ ಹೊರತು ನಷ್ಟವೇನೂ ಇಲ್ಲ.

ಅಭ್ಯಾಸದ ಪ್ರಶ್ನೆಗಳು

1. ತುದಿಯನ್ನು ಕತ್ತರಿಸಿದರೆ ಕೂದಲು ಬೇಗನೆ ಬೆಳೆಯುವುದಿಲ್ಲ, ಏಕೆ?

2. ನೆಲಕ್ಕೆ ಬಿದ್ದ ಕೂದಲಿನಿಂದ ಒಳ್ಳೆಯ ವಿಗ್ ಆಗದು. ಹಂಚಿನ ಮಾಡಿನ ಚಿತ್ರವನ್ನು ಬರೆದು ವಿವರಿಸಿರಿ.

3. 1890ರಲ್ಲಿ ಮುಂಬಯಿಯ ಕ್ಷೌರಿಕರು ಮಾಡಿದ ನಿಶ್ಚಯವೇನು? ಅದರಿಂದ ಅವರಿಗೆ ಆಗಬಹುದಾದ ನಷ್ಟವೇನು?

4. ನಿಮ್ಮ ಗೆಳತಿಯೊಬ್ಬಳು ಪಟ್ಟಿಯಲ್ಲಿ ಹೆಸರು ಬರೆಯಲು ಹಿಂಜರಿಯುತ್ತಾಳೆ. ಅವಳಿಗೆ ನೀವು ಏನು ಹೇಳುವಿರಿ? ಏನು ಹೇಳದಿರುವಿರಿ?