ಮೇ ತಿಂಗಳಿಗೆ ಮೊದಲೇ ಬೀಗದ ಕೈ ಕೊಡಿ

ಅಮೆರಿಕದ ನಮ್ಮಂಥ ವಿದ್ಯಾರ್ಥಿ ಕನ್ನಡ ಸಂಘಗಳಲ್ಲಿ ಮುಂದಿನ ವರ್ಷಕ್ಕೆ ಯಾರು ಅನ್ನೋ ಮಾತು ಏಳೋದು ಹೆಚ್ಚಾಗಿ ಯುಗಾದಿ ಊಟ ಮುಗಿದ ಮೇಲೆ. ಮಾಸ್ಟರ್ಸ್ ಎರಡೇ ವರ್ಷ. ಮೊದಲ ವರ್ಷ ಊರು ಅರ್ಥವಾಗೋದ್ರಲ್ಲೇ ಕಳೆಯುತ್ತೆ. ಹೇಗೋ ಒಂದು ಹೆಸರು ಸಿಕ್ಕಿತಲ್ಲ ಅಂತ ಎಲ್ಲರೂ ಪರೀಕ್ಷೆಗೆ ಓಡ್ತೀವಿ. ಕಾಗದಪತ್ರ, ಪಾಸ್‌ವರ್ಡ್ ಯಾರ ಕೈಗೆ ಬಂತು ಅಂತ ಕೇಳೋರಿಲ್ಲ.

ಸ್ವಂತ ನೋಂದಣಿ, 501(ಸಿ)(3) ಮಾನ್ಯತೆ ಇರುವ ಸಂಘವನ್ನು ತೆಗೆದುಕೊಳ್ಳಿ. (ವಿಶ್ವವಿದ್ಯಾಲಯದ ಖಾತೆಯಲ್ಲೇ ನಡೆಯುವ ಸಂಘಕ್ಕೆ ಸಾಮಾನ್ಯವಾಗಿ ಈ ತಲೆನೋವಿಲ್ಲ ಬಿಡಿ.) ವರ್ಷದ ಆದಾಯ ಸಾಧಾರಣವಾಗಿ 50,000 ಡಾಲರ್ ಮೀರದಿದ್ದರೆ ತೆರಿಗೆ ಇಲಾಖೆ ಐಆರ್‌ಎಸ್‌ಗೆ 990-ಎನ್ ಎಂಬ ಪುಟ್ಟ ಫಾರ್ಮ್ ಸಾಕು, ಆನ್‌ಲೈನಿನಲ್ಲಿ ಸ್ವಲ್ಪ ಹೊತ್ತಿನ ಕೆಲಸ. ಆದರೆ ಲೆಕ್ಕದ ವರ್ಷ ಡಿಸೆಂಬರ್‌ಗೆ ಮುಗಿಯುವುದಾದರೆ ಗಡುವು ಮೇ 15. ಸರಿಯಾಗಿ ಪದವಿ ಪ್ರದಾನದ ಗಲಾಟೆಯಲ್ಲಿ! ಹಳೇ ಖಜಾಂಚಿ ಸೂಟ್‌ಕೇಸ್ ತುಂಬ್ತಿರ್ತಾರೆ, ಹೊಸಬರಿಗೆ ಲಾಗಿನ್ ಗೊತ್ತಿರಲ್ಲ. ಸತತ ಮೂರು ವರ್ಷ ಸಲ್ಲಿಸದಿದ್ದರೆ ತೆರಿಗೆ ವಿನಾಯಿತಿ ತಾನಾಗಿಯೇ ರದ್ದು. 2011ರಲ್ಲಿ ಹೀಗೆ ರದ್ದಾದವುಗಳ ಮೊದಲ ಪಟ್ಟಿ ಬಂದಾಗ ಅದರಲ್ಲಿ ಸುಮಾರು 2,75,000 ಸಂಸ್ಥೆಗಳಿದ್ದವು. ಬಹುಪಾಲು ಆಗಲೇ ಮುಚ್ಚಿಹೋಗಿದ್ದವು ಅನ್ನೋದು ಐಆರ್‌ಎಸ್ ಅಂದಾಜು.

ಹಾಗಾಗಿ ಆಯ್ಕೆ ಜನವರಿಯಲ್ಲೇ ಆಗಲಿ. ಹೊಸ ಖಜಾಂಚಿ ಒಂದು ಸೆಮಿಸ್ಟರ್ ಹಳಬರ ಪಕ್ಕದಲ್ಲಿ ಕೂತು ಹಾಲ್ ಬುಕಿಂಗ್, ಅಡುಗೆಯವರ ಮುಂಗಡ, ರಸೀದಿ ಎಲ್ಲ ನೋಡಲಿ. ಬ್ಯಾಂಕಿನಲ್ಲಿ ಸಹಿ ಬದಲಾಯಿಸಲು ಇಬ್ಬರೂ ಊರಲ್ಲಿದ್ದಾಗಲೇ ಹೋಗಿಬನ್ನಿ. ಸಂಘದ ಇಮೇಲ್ ಯಾರದೋ ಸ್ವಂತ ಫೋನ್ ನಂಬರಿಗೆ ಜೋಡಿಸಿದ್ದರೆ ಬಿಡಿಸಿ. ಐಆರ್‌ಎಸ್ ದಾಖಲೆಯಲ್ಲಿರುವ ಜವಾಬ್ದಾರ ವ್ಯಕ್ತಿ ಬದಲಾದರೆ 60 ದಿನದೊಳಗೆ 8822-ಬಿ ಫಾರ್ಮ್ ಕಳಿಸಬೇಕು. ಬೇಸಿಗೆ ರಜೆಯಲ್ಲಿ ಮರೆತೇಹೋಗುವಂಥದ್ದು ಇದೇ.